ಬಾವಿಗೆ ಬೀಳದ ಕಲ್ಲು

ಹೋದ ಮಾಗಿಯಲ್ಲಿ, ಅಮಾವಾಸ್ಯೆ ಕಳೆದ ಎರಡನೇ ದಿನ. ರಾತ್ರಿ ಹನ್ನೊಂದೂವರೆ. ಹೆಬ್ಬಳ್ಳಿ ಆಚೆಗಿನ ಗಾಯರಾಣದಲ್ಲಿ ಗುರುಪಾದ ಒಬ್ಬನೇ ನಡೆದು ಹೋಗುತ್ತಿದ್ದ. ಗಾಯರಾಣ ಅಂದರೆ ದನ, ಕುರಿ ಮೇಯಲು ಬಿಟ್ಟ ಸರ್ಕಾರಿ ಹುಲ್ಲುಗಾವಲು. ಕಾರು ಡಾಂಬರು ರಸ್ತೆಯಲ್ಲೇ ನಿಂತಿತ್ತು, ದೀಪ ಆರಿಸಿ. ಒಣಹುಲ್ಲಿನ ಮೇಲೆ ಬೂಟು... ಚರ್... ಚರ್... ಮುಂದೆ ಆಲದ ಮರ. ಮರದ ಮಗ್ಗುಲಿಗೆ ಹಾಳುಬಾವಿ. ಹೆಗಲ ಮೇಲೆ ಎರಡು ಗೋಣಿಚೀಲ, ಕೈಯಲ್ಲಿ ಬ್ಯಾಟರಿ. ಮರ್ಯಾದಸ್ಥರು ಆ ಹೊತ್ತಿನಲ್ಲಿ ಗೋಣಿಚೀಲ ಹಿಡಿದು ಎಲ್ಲಿಗೂ ಹೋಗುವುದಿಲ್ಲ. ಇವನು ಹೊರಟಿದ್ದ.

ಯಾರು ಈ ಗುರುಪಾದ ಅಂತ ಕೇಳಿದರೆ ನಮ್ಮ ಎದುರುಮನೆ ಆರತಿಯ ತಮ್ಮ. ಅಪ್ಪನದು ಅರಳೆ ವ್ಯಾಪಾರ. ಮಗನಿಗೆ ಅರಳೆಯ ಧೂಳು ಆಗಿಬರಲಿಲ್ಲ, ಕ್ಯಾಮೆರಾ ಆಗಿಬಂತು. ಆಗಲಿ, ಅದೇನು ತಪ್ಪಲ್ಲ. ಬೆಟ್ಟ, ಬಯಲು, ಕೆರೆ ಅಂತ ತಿರುಗಿ ಚಿತ್ರ ತೆಗೆಯುತ್ತಿದ್ದ. ಚಿತ್ರಗಳು ಚೆಂದವೂ ಇದ್ದವು, ಸುಳ್ಳೇಕೆ ಹೇಳಲಿ. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ ಇವನು. ಮೈಕು ಕಂಡಲ್ಲಿ ನಿಂತು "ಅರಣ್ಯವೇ ನನ್ನ ತಾಯಿ, ಬಯಲೇ ನನ್ನ ಗುರು" ಅನ್ನತೊಡಗಿದ. ಸಾಲಿ ಹುಡುಗರನ್ನು ಕೆಲಗೇರಿ ಕೆರೆ ದಂಡೆಗೆ ಕೂರಿಸಿಕೊಂಡು ಎರಡು ತಾಸು ನಿಸರ್ಗ ಉಳಿಸುವ ಪಾಠ ಮಾಡಿದ. ಅದೇ ಕೆರೆಯಲ್ಲಿ ನೀರಿನ ಮೇಲೆ ಬಾಗಿದ್ದ ಒಂದು ಒಣಕೊಂಬೆಯ ಚಿತ್ರ ತೆಗೆದು, ಮರುಗಳಿಗೆಗೆ ಆ ಕೊಂಬೆಯನ್ನು ಲಟಕ್ಕನೆ ಮುರಿದು ನೀರಿಗೆ ಎಸೆದವನೂ ಇವನೇ. ಯಾಕೆ? ಇನ್ನೊಬ್ಬ ಬಂದು ಅದೇ ಚಿತ್ರ ತೆಗೆಯಬಾರದು ನೋಡಿ! ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಇವನಿಗೆ ದೊಡ್ಡ ಹೆಸರು ತಂದದ್ದು ಇದೇ ಗಾಯರಾಣದ ಚಿತ್ರ. ಬಂಗಾರದ ಬಣ್ಣದ ಹುಲ್ಲು, ಮೇಲೆ ಮೋಡ, ಅಂಚಿಗೆ ಆಲದ ಮರ. ಅಷ್ಟೇ. ಒಂದು ನರಪಿಳ್ಳೆ ಇಲ್ಲ. ಅದಕ್ಕೆ ಇಟ್ಟ ಹೆಸರು 'ನಿರ್ಜನ'. ಅದಕ್ಕೆ ಬಹುಮಾನ ಬಂತು, ಪೇಪರಿನಲ್ಲಿ ಬಂತು, ಆರತಿ ಓಣಿಗೆಲ್ಲ ಫೇಡೆ ಹಂಚಿದಳು. ನಾನೂ ತಿಂದೆ. ಆ ಸ್ಪರ್ಧೆಗೆ ಒಂದೇ ಕಟ್ಟುನಿಟ್ಟು... ಚಿತ್ರದಲ್ಲಿ ಏನನ್ನೂ ಸೇರಿಸಬಾರದು, ಏನನ್ನೂ ತೆಗೆಯಬಾರದು. ಹಾಗಂತ ಇವನು ಸಹಿ ಮಾಡಿ ಕೊಟ್ಟಿದ್ದ.

ಖರೇ ಸಂಗತಿ ಬೇರೆ. ಆ ಚಿತ್ರ ತೆಗೆದ ಸಂಜೆ ಅಲ್ಲಿ ಬೀರವ್ವ ಇದ್ದಳು. ಕುರಿ ಕಾಯುವ ಮುದುಕಿ, ಎಪ್ಪತ್ತು ದಾಟಿದವಳು. ಅವಳ ಪಕ್ಕದಲ್ಲಿ, ಬಾವಿಗೆ ಹತ್ತು ಹೆಜ್ಜೆ ಈಚೆಗೆ, ಮೊಣಕಾಲೆತ್ತರದ ಒಂದು ಕಲ್ಲಿನ ಗುಡ್ಡೆ ಇತ್ತು. ಮುಷ್ಟಿಗಾತ್ರದವು, ತೆಂಗಿನಕಾಯಿ ಗಾತ್ರದವು, ಒಂದರ ಮೇಲೊಂದು ಒಪ್ಪವಾಗಿ ಇಟ್ಟದ್ದು.

"ಏ ಯವ್ವಾ, ಬಾಜೂಕ ಸರೀ. ಆ ಕಲ್ಲೂ ತಗೀ. ಚಿತ್ರಾ ಕೆಡಾಕತ್ತೈತಿ," ಅಂದಿದ್ದ ಗುರುಪಾದ.

"ಬೇಕಾರ ನಾ ಸರೀತೇನಿ, ಯಪ್ಪಾ. ಅವು ಸರಿಯಂಗಿಲ್ಲ," ಅಂದಳು ಬೀರವ್ವ. "ಇಲ್ಲೆ ಯಾರ ಸತ್ರೂ ಒಂದೊಂದ ಕಲ್ಲ ಇಡ್ತೇವಿ. ಮನಷ್ಯಾ ಆಗ್ಲಿ, ಕುರಿ ಆಗ್ಲಿ, ನಾಯಿ ಆಗ್ಲಿ. ಕುರಿ ಹಿಡದ ತ್ವಾಳಾ ಸತ್ರೂ ಅದಕ್ಕೊಂದ ಕಲ್ಲು."

"ತ್ವಾಳಕ್ಕ ಯಾಕ?"

"ಅದೂ ಇಲ್ಲೇ ಬಾಳೇ ಮಾಡಿತ್ತಲ್ಲ..."

"ಕಲ್ಲ ತಗದ್ರ ಏನಾಕ್ಕೈತಿ?"

ಬೀರವ್ವ ಸಡಿಲಾಗಿದ್ದ ಒಂದು ಕಲ್ಲನ್ನು ಸರಿಯಾಗಿ ಕೂರಿಸಿದಳಂತೆ. "ಗೊತ್ತಿಲ್ರೀ," ಅಂದಳು. "ಯಾರೂ ತಗದಿಲ್ಲ."

ಇವನು ಮುಸಿಮುಸಿ ನಕ್ಕ. ಬೆಳಕು ಹೋಗುತ್ತಿತ್ತು. ಅವಳನ್ನೂ ಕಲ್ಲನ್ನೂ ಸೇರಿಸಿಯೇ ಚಿತ್ರ ತೆಗೆದುಕೊಂಡು ಮನೆಗೆ ಬಂದ. ಕಂಪ್ಯೂಟರಿನ ಮುಂದೆ ಕೂತು ಮೊದಲು ಕಲ್ಲು ಒರೆಸಿದ. ಆಮೇಲೆ ಬೀರವ್ವನನ್ನು, ಅವಳ ಹಿಂದಿನ ಕುರಿಗಳನ್ನು, ಅದರಾಚೆಯ ಚಿಗರಿ ಜಿಂಕೆಗಳನ್ನು ಒರೆಸಿದ. ದೂರದ ಹುಲ್ಲಿನಲ್ಲಿ ತೋಳದ ಎರಡು ಕಿವಿ ಕಾಣುತ್ತಿದ್ದವು, ಅವನ್ನೂ ಒರೆಸಿದ. ಎಲ್ಲರ ಜಾಗಕ್ಕೂ ಹುಲ್ಲು ತುಂಬಿದ. ನಿರ್ಜನ ಆಯಿತು.

ಒಂದು ವರ್ಷ ಯಾವ ತಂಟೆಯೂ ಇರಲಿಲ್ಲ. ಆಮೇಲೆ ಒಂದು ಕಂಪನಿ ಬಂತು. ತಾರಿಹಾಳದ ಕೈಗಾರಿಕಾ ಪ್ರದೇಶದಲ್ಲಿ ಜಾಗ ಸಾಲದೆ, ದೊಡ್ಡ ದೊಡ್ಡ ಗೋದಾಮು ಕಟ್ಟಲು ಈ ಗಾಯರಾಣವನ್ನೇ ಕೇಳಿತು. ಅದರ ವಕೀಲ ಸರ್ಕಾರಕ್ಕೆ ಕೊಟ್ಟ ಅರ್ಜಿಗೆ ಏನು ಲಗತ್ತಿಸಿದ ಅಂತೀರಿ? ಗುರುಪಾದನ ಚಿತ್ರ! 'ನಿಸರ್ಗಪ್ರೇಮಿಗಳೇ ನಿರ್ಜನ ಅಂತ ಕರೆದಿದ್ದಾರೆ. ಇಲ್ಲಿ ಪ್ರಾಣಿಯಿಲ್ಲ, ಪಕ್ಷಿಯಿಲ್ಲ, ಕುರಿಯಿಲ್ಲ, ಮನುಷ್ಯರ ನಡೆಯಿಲ್ಲ. ಬರಡು ನೆಲ.'

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಯಶೋಧರಾ ಮೇಡಂ ಈ ಹುಲ್ಲುಗಾವಲಿಗಾಗಿ ನಾಲ್ಕು ವರ್ಷದಿಂದ ಓಡಾಡುತ್ತಿದ್ದರು. ಅವರು ಗುರುಪಾದನ ಮನೆಗೇ ಬಂದರು.

"ಗುರುಪಾದ ಅವರ, ನೀವು ಆವತ್ತು ತಗದ ಮೂಲ ಚಿತ್ರ ಎಲ್ಲಾ ಕೊಡ್ರಿ. ಅದರಾಗ ಕಲ್ಲಿನ ಗುಡ್ಡಿ ಇರತೈತಿ, ಕುರಿ ಇರತಾವ, ಚಿಗರಿ ಇರತಾವ. ಅಷ್ಟ ಸಾಕ್ರಿ, ಜಾಗಾ ಉಳೀತೈತಿ."

ಕೊಟ್ಟರೆ ಜಾಗ ಉಳಿಯುತ್ತದೆ. ಆದರೆ ಬಹುಮಾನ ಹೋಗುತ್ತದೆ, ಹೆಸರು ಹೋಗುತ್ತದೆ, ಮೈಕು ಹೋಗುತ್ತದೆ. ಬಯಲೇ ಗುರು ಅಂದವನು ಒಂದು ಗಳಿಗೆಯೂ ತಡೆಯಲಿಲ್ಲ. "ಹಾರ್ಡ್ ಡಿಸ್ಕ್ ಕೆಟ್ಟ ಹೋಗೈತ್ರಿ ಮೇಡಂ, ಏನೂ ಉಳದಿಲ್ಲ," ಅಂದುಬಿಟ್ಟ. ಡಿಸ್ಕು ಅವನ ಬೆನ್ನಹಿಂದಿನ ಕಪಾಟಿನಲ್ಲೇ ಇತ್ತು.

ಯಶೋಧರಾ ಮೇಡಂ ಬಿಡುವ ಪೈಕಿ ಅಲ್ಲ. ಚಿತ್ರ ಇಲ್ಲದಿದ್ದರೆ ಜಾಗವನ್ನೇ ಕಣ್ಣಾರೆ ನೋಡಿ ಅಂತ ಅಧಿಕಾರಿಗೆ ಬರೆದರು. ಅಧಿಕಾರಿ ಒಪ್ಪಿದ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತೇನೆ, ಆ ಚಿತ್ರ ತೆಗೆದವರೂ ಇರಲಿ, ಅಂದ. ಈಗ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ. ಚಿತ್ರದಲ್ಲಿ ಇಲ್ಲದ ಕಲ್ಲು ನೆಲದ ಮೇಲೆ ಇದ್ದರೆ? ಯಾರಾದರೂ ಕೇಳಿದರೆ?

ಬೇರೆ ಯಾರಾದರೂ ಆಗಿದ್ದರೆ ಚಿತ್ರ ಸುಳ್ಳು ಅಂತ ಒಪ್ಪುತ್ತಿದ್ದರು, ಇಲ್ಲ ಜ್ವರ ಅಂತ ಮಲಗುತ್ತಿದ್ದರು. ಈ ಮಹಾನುಭಾವ ಏನು ಮಾಡಿದ ಗೊತ್ತೇ? ಚಿತ್ರಕ್ಕೆ ತಕ್ಕಂತೆ ನೆಲವನ್ನೇ ಒರೆಸಲಿಕ್ಕೆ ಹೊರಟ. ಅದಕ್ಕೇ ಆ ಗೋಣಿಚೀಲ.

ರಸ್ತೆ ತಿರುವಿನಲ್ಲಿ ದಸ್ತಗೀರಸಾಬನ ಚಹಾದಂಗಡಿ. ಮುಚ್ಚುತ್ತಿದ್ದವನು ಕಾರು ನಿಂತದ್ದು ನೋಡಿ ಹತ್ತಿರ ಬಂದ. ದನಿ ತಗ್ಗಿಸಿದ.

"ಸಾವ್ಕಾರ್ರ... ಈ ಹೊತ್ತಿನ್ಯಾಗ ಬಾವಿ ಕಡೆ ಬ್ಯಾಡ್ರಿ."

"ಯಾಕ? ದೆವ್ವ ಐತೇನು?"

"ನಾ ಹಂಗ ಅನ್ನಂಗಿಲ್ರೀ. ಬೀರವ್ವ ತೀರಿಕೊಂಡ ಮ್ಯಾಲೆ... ರಾತ್ರಿ ಅಲ್ಲೆ ಸಪ್ಪಳಾ ಬರತೈತ್ರಿ."

"ಎಂಥಾ ಸಪ್ಪಳಾ?"

"ಕಲ್ಲಿನ ಮ್ಯಾಲೆ ಕಲ್ಲ ಇಟ್ಟಂಗ..."

ಬೀರವ್ವ ತೀರಿಕೊಂಡದ್ದು ಗುರುಪಾದನಿಗೆ ಆಗಲೇ ಗೊತ್ತಾದದ್ದು. ಅಯ್ಯೋ ಅನ್ನಲಿಲ್ಲ. ಸಾಕ್ಷಿ ಹೇಳುವವರು ಒಬ್ಬರು ಕಡಿಮೆಯಾದರು ಅಂತ ಅಂದುಕೊಂಡನಂತೆ. ಇದನ್ನು ಆಮೇಲೆ ಅವನೇ ಅಕ್ಕನ ಮುಂದೆ ಒಪ್ಪಿಕೊಂಡದ್ದು, ನಾನು ಸೇರಿಸಿದ್ದಲ್ಲ. ದಸ್ತಗೀರಸಾಬನನ್ನು "ಹಳ್ಳಿ ಮಂದಿ" ಅಂತ ಮನಸ್ಸಿನಲ್ಲೇ ಬಯ್ದು ಹುಲ್ಲಿಗೆ ಇಳಿದ.

ಆಲದ ಮರದ ಕೆಳಗೆ ಗಾಳಿ ಇರಲಿಲ್ಲ. ದೂರದಲ್ಲಿ ಒಂದು ಟಿಟ್ಟಿಭ ಹಕ್ಕಿ ಎರಡು ಸಲ ಕೂಗಿ ಸುಮ್ಮನಾಯಿತು. ಬಾವಿಯೊಳಗೆ ಬ್ಯಾಟರಿ ಬಿಟ್ಟು ನೋಡಿದ. ನಾಲ್ಕಾಳು ಆಳಕ್ಕೆ ನೀರು ಮಿಂಚಿತು. ಒಂದು ಕಪ್ಪೆ... ವಟ್... ಅಂತು. ಸಾಕು, ಕಲ್ಲು ಮುಳುಗಲು ಬೇಕಾದಷ್ಟು ನೀರಿದೆ. ಗುಡ್ಡೆಯ ಮೇಲಿನ ಒಂದು ಕಲ್ಲು ಎತ್ತಿ ತಂದ. ಬಾವಿಗೆ ಬಿಟ್ಟ.

ಕಿವಿಗೊಟ್ಟ.

ಏನೂ ಕೇಳಲಿಲ್ಲ.

ಎಲ್ಲಾದರೂ ಬೇರಿನ ಪೊಟರೆಯಲ್ಲಿ ಸಿಕ್ಕಿಕೊಂಡಿತೋ ಏನೋ ಅಂದುಕೊಂಡ. ಆಗ ಬೆನ್ನ ಹಿಂದೆ...

ಟಕ್.

ಕಲ್ಲಿನ ಮೇಲೆ ಕಲ್ಲು ಇಟ್ಟ ಸದ್ದು. ಎಸೆದದ್ದಲ್ಲ. ಇಟ್ಟದ್ದು.

ತಿರುಗಿ ಬೆಳಕು ಬಿಟ್ಟ. ಯಾರೂ ಇರಲಿಲ್ಲ. ಗುಡ್ಡೆ ಇದ್ದಂತೆಯೇ ಇತ್ತು. ಇನ್ನೊಂದು ಕಲ್ಲು ಎತ್ತಿದ, ಬಾವಿಗೆ ಬಿಟ್ಟ. ನೀರಿನ ಸದ್ದಿಲ್ಲ. ಒಂದು... ಎರಡು... ಮೂರು ಉಸಿರು. ಹಿಂದೆ... ಟಕ್.

ಬುದ್ಧಿ ಇದ್ದವನಾದರೆ ಅಲ್ಲಿಗೇ ಕೈಮುಗಿದು ಓಡುತ್ತಿದ್ದ. ಇವನಿಗೆ ಹೆದರಿಕೆಗಿಂತ ಬಹುಮಾನ ದೊಡ್ಡದು. ಗೋಣಿಚೀಲಕ್ಕೆ ಬಾಚಿ ಬಾಚಿ ತುಂಬಿದ. ಎರಡೂ ಚೀಲ ತುಂಬಿದವು. ನೆಲ ಕಾಣಿಸಿತು. ಏದುಸಿರು ಬಿಡುತ್ತ ಒಂದೊಂದೇ ಚೀಲ ದರದರ ಎಳೆದು ತಂದು, ಬಾವಿಯ ಕಟ್ಟೆಯ ಮೇಲೆ ಎತ್ತಿ ಬಾಯಿ ಕೆಳಗೆ ಮಾಡಿ ಸುರಿದ. ಅಷ್ಟು ಕಲ್ಲು, ಅಷ್ಟು ನೀರು... ಪಿಟ್ಟೆನ್ನಲಿಲ್ಲ. ಕಪ್ಪೆಯೂ ಸುಮ್ಮನಾಗಿತ್ತು.

ಆಮೇಲೆ ಶುರುವಾಯಿತು.

ಟಕ್... ಟಕ್... ಟಕ್...

ಅವಸರವಿಲ್ಲ. ಒಂದು ಇಟ್ಟು, ಅಲುಗಾಡುತ್ತದೆಯೋ ಇಲ್ಲವೋ ನೋಡಿ, ಮತ್ತೊಂದು ಇಟ್ಟಂತೆ. ಪ್ರತಿ ಕಲ್ಲಿನ ಹಿಂದೆ ಒಂದು ಪಿಸುಮಾತು. ಮುದುಕಿಯ ದನಿ. ಲೋಕಾಭಿರಾಮದ ದನಿ, ಸಿಟ್ಟಿನದಲ್ಲ.

"ಇದು ಕರೀನಾಯೀದು..."

ಟಕ್.

"ಇದು ಹಿಂದಿನ ಮಳಿಗಾಲದ ಕುರಿಮರೀದು..."

ಟಕ್.

"ಇದು ಕುಂಟ ತ್ವಾಳದ್ದು..."

ಟಕ್.

"ಇದು ನನ್ನ ಮಗಂದು..."

ಅಲ್ಲಿ ಸ್ವಲ್ಪ ಹೊತ್ತು ತಡವಾಯಿತು. ಆಮೇಲೆ ಟಕ್.

"ಇದು ನಂದು."

ಗುರುಪಾದನ ಕೈಯಿಂದ ಬ್ಯಾಟರಿ ಬಿತ್ತು. ಬಿದ್ದ ಬೆಳಕು ಹುಲ್ಲಿನ ಮೇಲೆ ಉದ್ದಕ್ಕೆ ಚಾಚಿ ಗುಡ್ಡೆಗೆ ತಾಕಿತು. ಯಾರೂ ಕಾಣಲಿಲ್ಲ. ಗುಡ್ಡೆ ಮಾತ್ರ ಮೊದಲಿನಷ್ಟೇ ಎತ್ತರಕ್ಕೆ ಬಂದಿತ್ತು. ಮೇಲೆ, ತುದಿಯಲ್ಲಿ, ಮುಷ್ಟಿಗಾತ್ರದ ಒಂದು ಕರಿಕಲ್ಲು. ಅದನ್ನು ಅವನು ಹಿಂದೆ ನೋಡಿರಲಿಲ್ಲ. ಅವನು ತೆಗೆದ ಮೂಲ ಚಿತ್ರದಲ್ಲೂ ಅದು ಇರಲಿಲ್ಲ.

ನೋಡಿ ಈ ಮನುಷ್ಯನ ಸ್ವಭಾವ. ಇಷ್ಟೆಲ್ಲ ಕಿವಿಯಾರೆ ಕೇಳಿಯಾಗಿದೆ. ಆದರೂ ಒಂದನ್ನಾದರೂ ಮುಳುಗಿಸಿಯೇ ಹೋಗುತ್ತೇನೆ ಅನ್ನುವ ಹಟ. ಹೋಗಿ ಆ ಕರಿಕಲ್ಲನ್ನು ಎತ್ತಿಕೊಂಡ. ಬೆಚ್ಚಗಿತ್ತಂತೆ. ಬಾವಿಯ ಕಡೆ ಕೈ ಚಾಚಿದ.

ಕಿವಿಯ ಹತ್ತಿರವೇ ಪಿಸುದನಿ.

"ಅದನ್ನ ಬಿಡೋ ಯಪ್ಪಾ... ಅಂವಾ ಇನ್ನೂ ಸತ್ತಿಲ್ಲ."

ಗುರುಪಾದ ಬೀರವ್ವನ ಮಾತು ಬದುಕಿದ್ದಾಗ ಕೇಳಿರಲಿಲ್ಲ, ಸತ್ತ ಮೇಲೆ ಕೇಳುತ್ತಾನೆಯೇ? ಕಲ್ಲು ಬಿಟ್ಟ.

ಗುಳುಂ!

ಈ ಸಲ ಸದ್ದು ಬಂತು. ನೀರು ಚಿಮ್ಮಿ ನಾಲ್ಕಾಳು ಆಳದಿಂದ ಮುಖಕ್ಕೆ ಬಡಿಯಿತು, ಮಂಜಿನಂತೆ ತಣ್ಣಗೆ. ಆಮೇಲೆ ಅವನು ಕಾದ. ಬೆನ್ನ ಹಿಂದೆ ಟಕ್ ಅಂತ ಕೇಳಲಿ ಅಂತ ಕಾದ. ಆ ಕಲ್ಲು ಯಾರದು ಅಂತ ಆಗ ಹೊಳೆದು, ಬೇಡುತ್ತ ಕಾದನಂತೆ. ಮತ್ತೆ ಯಾವ ಸದ್ದೂ ಆಗಲಿಲ್ಲ.

ನಸುಕಿನ ನಾಲ್ಕಕ್ಕೆ ನಮ್ಮ ಓಣಿಯಲ್ಲಿ ಕಾರು ನಿಂತ ಸದ್ದು. ಕಿಟಕಿಯಿಂದ ನಾನೇ ನೋಡಿದೆ. ಆರತಿಯ ಬಾಗಿಲು ಬಡಿಯುತ್ತಿದ್ದ, ಅಂಗೈಯಿಂದ, ಧಡ್ ಧಡ್ ಅಂತ.

"ಅಕ್ಕಾ... ಬಾಗಲಾ ತಗೀ..."

"ಏನಾತೋ ಗುರ್ಯಾ? ಯಾಕ ಹಿಂಗ ತೊಯ್ದೀ?"

ಅಡುಗೆಮನೆಯಲ್ಲಿ ನೆಲಕ್ಕೆ ಕೂತು ಎಲ್ಲ ಹೇಳಿದ. ಕಲ್ಲು ಒರೆಸಿದ್ದು, ಮುದುಕಿಯನ್ನು ಒರೆಸಿದ್ದು, ಡಿಸ್ಕಿನ ಸುಳ್ಳು, ಬಾವಿ, ದನಿ. ಆರತಿ ಕಣ್ಣೀರು ಹಾಕಲಿಲ್ಲ. "ಎಂಥಾ ಹೊಲಸ ಕೆಲಸಾ ಮಾಡೀಯೋ ನೀ," ಅಂದಳು. "ಓಣಿಗೆಲ್ಲಾ ಫೇಡೆ ಹಂಚೇನಿ ನಾ, ನಿನ್ನ ಸುಳ್ಳಿಗೆ." ಮನೆಯಿಂದ ಡಿಸ್ಕು ತಂದುಕೊಡು ಅಂದಳು. ಕೊಟ್ಟ. ಮನಸ್ಸು ಕರಗಿ ಕೊಟ್ಟ ಅಂತ ತಿಳಿಯಬೇಡಿ. ಹೆದರಿ ಕೊಟ್ಟ. ಏಳು ಗಂಟೆಗೆ ಆರತಿ ತಾನೇ ಸ್ಕೂಟರ್ ಹತ್ತಿ ಹೋಗಿ ಅದನ್ನು ಯಶೋಧರಾ ಮೇಡಂ ಕೈಗೆ ಮುಟ್ಟಿಸಿ ಬಂದಳು.

ಒಂಬತ್ತಕ್ಕೆ ಎಲ್ಲರೂ ಗಾಯರಾಣದಲ್ಲಿ ಸೇರಿದರು. ಅಧಿಕಾರಿ, ಕಂಪನಿಯ ವಕೀಲ, ಯಶೋಧರಾ ಮೇಡಂ, ಗುರುಪಾದ. ಕುರಿಯವರು ಹತ್ತಾರು ಮಂದಿ. ಪೇಪರಿನವರು ಒಬ್ಬರು. ಗುಡ್ಡೆ ಇದ್ದಲ್ಲೇ ಇತ್ತು. ಕಲ್ಲುಗಳು ಒಣಗಿದ್ದವು, ಸಂದಿನಲ್ಲಿ ಜೇಡರ ಬಲೆ ಕೂಡ ಹರಿದಿರಲಿಲ್ಲ. ಯಶೋಧರಾ ಮೇಡಂ ಲ್ಯಾಪ್‌ಟಾಪ್ ತೆರೆದು ಮೂಲ ಚಿತ್ರ ತೋರಿಸಿದರು. ಬೀರವ್ವ ಕೂತಿದ್ದಾಳೆ. ಪಕ್ಕಕ್ಕೆ ಗುಡ್ಡೆ. ಹಿಂದೆ ಕುರಿ, ಅದರಾಚೆ ಚಿಗರಿ, ಹುಲ್ಲಿನೊಳಗೆ ತೋಳದ ಕಿವಿ.

ವಕೀಲ ತನ್ನ ಕೈಯ ಕಾಗದ ಮುಂದೆ ಹಿಡಿದ. "ಬಹುಮಾನ ಬಂದ ಚಿತ್ರದಾಗ ಇದ್ಯಾವ್ದೂ ಇಲ್ಲಲ್ರೀ?"

ಅಧಿಕಾರಿ ಗುರುಪಾದನ ಕಡೆ ತಿರುಗಿದ. "ಏನ್ರೀ ಇದು?"

ಗುರುಪಾದ ತಲೆ ತಗ್ಗಿಸಿದ. "ಅವರೆಲ್ಲಾ ಇದ್ರುರೀ. ನಾನ ತಗದೇನಿ," ಅಂದ. ಅಷ್ಟು ಮೆಲ್ಲಗೆ ಅಂದನೆಂದರೆ ಎರಡು ಸಲ ಕೇಳಿ ಹೇಳಿಸಬೇಕಾಯಿತಂತೆ.

ಅಧಿಕಾರಿ ಅಲ್ಲೇ ಬರೆದುಕೊಂಡ. ಗೋದಾಮಿನ ಅರ್ಜಿ ಬಿದ್ದುಹೋಯಿತು. ಗಾಯರಾಣ ಉಳಿಯಿತು, ಈಗಲೂ ಕುರಿ ಮೇಯುತ್ತಿವೆ, ಬೇಕಾದರೆ ಹೋಗಿ ನೋಡಿ. ಗುರುಪಾದನ ಬಹುಮಾನವನ್ನು ವಾಪಸು ತೆಗೆದುಕೊಂಡರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅಂತಾರಲ್ಲ, ಹಾಗಾಯಿತು ಅವನ ಕತೆ. ಈಗ ಅಪ್ಪನ ಅರಳೆ ಅಂಗಡಿಯಲ್ಲಿ ಕೂರುತ್ತಾನೆ. ಕ್ಯಾಮೆರಾ ಮುಟ್ಟುವುದಿಲ್ಲ. ನನಗೇನೂ ಮರುಕವಿಲ್ಲ.

ಇಷ್ಟೇ ಆಗಿದ್ದರೆ ನಾನು ಈ ಹೊತ್ತಿನಲ್ಲಿ ಇದನ್ನು ಎತ್ತುತ್ತಲೇ ಇರಲಿಲ್ಲ.

ಅವತ್ತು ಎಲ್ಲ ಮುಗಿದ ಮೇಲೆ ಪೇಪರಿನವರು ಒಂದು ಫೋಟೋ ತೆಗೆದರು. ಗುಡ್ಡೆಯ ಮಗ್ಗುಲಿಗೆ ನಾಲ್ವರೂ ಸಾಲಾಗಿ ನಿಂತರು. ಗುರುಪಾದ ಒಲ್ಲೆ ಅಂದ. ಅಧಿಕಾರಿಯೇ ತೋಳು ಹಿಡಿದು ತನ್ನ ಪಕ್ಕಕ್ಕೆ ನಿಲ್ಲಿಸಿಕೊಂಡ. ಅದನ್ನು ಕುರಿಯವರೆಲ್ಲ ನೋಡಿದ್ದಾರೆ. ಮರುದಿನ ಪೇಪರಿನಲ್ಲಿ ಬಂತು. ಫೋಟೋದ ಕೆಳಗೆ ಎಡದಿಂದ ನಾಲ್ಕು ಹೆಸರು. ಮೂರನೆಯದು ಗುರುಪಾದನದು. ಫೋಟೋದಲ್ಲಿ ಮೂರು ಜನ.

ಆರತಿ ಪೇಪರಿನವರಿಗೆ ಫೋನು ಮಾಡಿ ಕೂಗಾಡಿದಳು. "ನನ್ನ ತಮ್ಮನ್ನ ಯಾಕ ತಗದ್ರಿ? ಎಷ್ಟ ಕೆಟ್ಟವ ಇದ್ರೂ ಅಲ್ಲೆ ನಿಂತಿದ್ದ ಅಂವಾ!" ಆಚೆಯಿಂದ ಅವರು ನಾಲ್ಕು ಸಲ ಆಣೆ ಮಾಡಿದರು.

"ನಾವು ಫೋಟೋದಾಗ ಯಾರನ್ನೂ ತಗಿಯಂಗಿಲ್ರೀ, ಬಾಯಾರ."

ಆ ಪೇಪರಿನ ತುಂಡು ನನ್ನ ಕಪಾಟಿನಲ್ಲಿದೆ. ಅಧಿಕಾರಿಗೂ ಯಶೋಧರಾ ಮೇಡಂಗೂ ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಬಿಟ್ಟಿದೆ. ಅಲ್ಲಿ ಹುಲ್ಲು, ಬರೀ ಹುಲ್ಲು. ಕನ್ನಡಕ ಹಾಕಿಕೊಂಡು ನೋಡಿ, ಎರಡು ಪಾದದಷ್ಟು ಅಗಲಕ್ಕೆ ಆ ಹುಲ್ಲು ಒತ್ತಿಹೋಗಿದೆ. ನಡೆದದ್ದು ಇದು, ಒಂದಕ್ಷರ ಕಟ್ಟಿ ಹೇಳಿಲ್ಲ. ನಾಳೆ ಹಗಲಿಗೆ ಬನ್ನಿ, ತೋರಿಸುತ್ತೇನೆ. ರಾತ್ರಿ ಮಾತ್ರ ನಾನು ಆ ಕಪಾಟು ತೆಗೆಯುವುದಿಲ್ಲ.